ಮ್ಯಾಗ್ನೆಟ್ ಹಿಡಿದು ಫುಲ್ವಿಯಾ ಕೊಂಡ ಕಥೆ

ಈಗ ನೀವು ನೋಡುತ್ತಿರುವುದು ಇಟಲಿಯ ಹಳೇ ರ‍್ಯಾಲಿ ಕಾರು, ಲಾಂಚಿಯಾ ಕಂಪನಿಯ ಫುಲ್ವಿಯಾ ಕೂಪೆ 1.6 ಎಚ್‌ಎಫ್. ಮೊದಲ ಸರಣಿಯದ್ದು. ಮುಂದಿನ ನಾಲ್ಕು ದೀಪಗಳಲ್ಲಿ ಒಳಗಿನ ಎರಡು ಎಷ್ಟು ದೊಡ್ಡವು ನೋಡಿ. ಅವುಗಳಿಂದಲೇ ಇಟಲಿಯವರು ಇದನ್ನು ಫನಲೋನೆ, ಅಂದರೆ ದೊಡ್ಡ ದೀಪ, ಅಂತ ಕರೆಯುತ್ತಾರೆ. ಈ ಕಾರು ಈಗ ನನ್ನದು. ಇನ್ನೊಂದು ಸಲ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನದು!

ಲಾಂಚಿಯಾ ಅಂದಮೇಲೆ ಅದರ ಹೆಸರುವಾಸಿ ರ‍್ಯಾಲಿ ಕಾರುಗಳಾದ ಸ್ಟ್ರಾಟೋಸ್ ಯಾಕಲ್ಲ, ಡೆಲ್ಟಾ ಇಂಟೆಗ್ರಾಲೆ ಯಾಕಲ್ಲ ಅಂತ ಕೇಳುವವರು ಇದ್ದೇ ಇರುತ್ತಾರೆ. ಸ್ಟ್ರಾಟೋಸ್ ನನ್ನ ಕೈಗೆ ಎಟುಕುವುದಿಲ್ಲ, ಆ ಮಾತು ಅಲ್ಲಿಗೆ ಮುಗಿಯಿತು. ಇಂಟೆಗ್ರಾಲೆಯಲ್ಲಿ ಟರ್ಬೊ ಇದೆ, ನಾಲ್ಕೂ ಚಕ್ರಕ್ಕೆ ಎಳೆತ ಇದೆ. ಈ ಫುಲ್ವಿಯಾದಲ್ಲಿ ಅದ್ಯಾವುದೂ ಇಲ್ಲ. 1584 ಸಿಸಿ, 115 ಅಶ್ವಶಕ್ತಿ, ಎಳೆಯುವುದು ಮುಂದಿನ ಚಕ್ರಗಳು ಮಾತ್ರ. ಇಷ್ಟೇ ಇಟ್ಟುಕೊಂಡು ಹ್ಯಾರಿ ಷೆಲ್‌ಸ್ಟ್ರಾಮ್ 1969 ಮತ್ತು 1970ರಲ್ಲಿ ಬ್ರಿಟನ್ನಿನ ಆರ್‌ಎಸಿ ರ‍್ಯಾಲಿ ಗೆದ್ದರು. 1972ರಲ್ಲಿ ಸಾಂಡ್ರೊ ಮುನಾರಿ ಮತ್ತು ಮಾರಿಯೊ ಮನ್ನುಚಿ ಇದರಲ್ಲೇ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದರು. ಎದುರಿಗಿದ್ದದ್ದು ಆಲ್ಪೀನ್, ಪೋರ್ಷೆ. ಫುಲ್ವಿಯಾ ಕೂಪೆ ಬಂದದ್ದು 1965ರಲ್ಲಿ, ಅಂದರೆ ಅಷ್ಟು ಹೊತ್ತಿಗೆ ಇದು ಹಳೇ ಕಾರು. ಆದರೂ 1972ರ ತಯಾರಕರ ಚಾಂಪಿಯನ್‌ಷಿಪ್ ಲಾಂಚಿಯಾಗೇ ಬಂತು. ನನಗೆ ಇಂಥ ಗೆಲುವು ಇಷ್ಟ.

ಬಾನೆಟ್ ಎತ್ತುತ್ತೇನೆ, ನೋಡಿ. ಇದು ವಿ4 ಎಂಜಿನ್, ಅಂದರೆ ನಾಲ್ಕು ಸಿಲಿಂಡರ್ ‘ವಿ’ ಆಕಾರದಲ್ಲಿ ಎರಡು ಸಾಲಾಗಿ ನಿಂತಿವೆ. ಆದರೆ ಆ ‘ವಿ’ಯ ಕೋನ ಬರೀ 11 ಡಿಗ್ರಿ ಚಿಲ್ಲರೆ. ಅಷ್ಟು ಇಕ್ಕಟ್ಟಾಗಿರುವುದರಿಂದ ಎರಡೂ ಸಾಲಿನ ಸಿಲಿಂಡರ್‌ಗಳಿಗೆ ಒಂದೇ ಹೆಡ್ ಸಾಕಾಗಿದೆ. ಇಡೀ ಎಂಜಿನ್ 45 ಡಿಗ್ರಿ ಪಕ್ಕಕ್ಕೆ ವಾಲಿಕೊಂಡಿದೆ. ಗೊತ್ತಿಲ್ಲದವರು ನೋಡಿದರೆ ಮೌಂಟಿಂಗ್ ಮುರಿದಿದೆ ಅಂದುಕೊಳ್ಳಬೇಕು! ಎರಡು ಸೋಲೆಕ್ಸ್ ಕಾರ್ಬ್ಯುರೇಟರ್, ಐದು ಗೇರ್. ಎಂಜಿನ್ನಿನ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ. ಹಿಮದ ರಸ್ತೆಯಲ್ಲಿ ಇದಕ್ಕೆ ಹಿಡಿತ ಸಿಗುತ್ತಿದ್ದದ್ದು ಹೀಗೆ.

ಸರಿ, ಇನ್ನು ಕೊಳ್ಳುವ ವಿಷಯ. ಮಾರಾಟಕ್ಕೆ ಬರುವ ಫನಲೋನೆಗಳಲ್ಲಿ ಎಷ್ಟೋ ಕಾರು ಫನಲೋನೆ ಅಲ್ಲವೇ ಅಲ್ಲ. ಸಾಧಾರಣ 1.3 ಕೂಪೆ ತಗೊಂಡು, ದೊಡ್ಡ ದೀಪ ಹಾಕಿ, ಚಕ್ರದ ಮೇಲೆ ಅಗಲದ ಆರ್ಚ್ ಕೂರಿಸಿ, ಎಚ್‌ಎಫ್ ಕಾರುಗಳ ಗುರುತಾದ ಆನೆ ಚಿತ್ರದ ಸ್ಟಿಕ್ಕರ್ ಅಂಟಿಸಿದರೆ ಆಯಿತು. ಆ ಎಚ್‌ಎಫ್ ಆನೆ ಸ್ಟಿಕ್ಕರ್ ಯಾರಿಗೆ ಬೇಕಾದರೂ ಸಿಗುತ್ತದೆ. ಇನ್ನೊಂದು ತಮಾಷೆ ಕೇಳಿ. 1972ರ ಗೆಲುವಿನ ಮೇಲೆ ಲಾಂಚಿಯಾ ಕಂಪನಿಯೇ ಮೊಂಟೆಕಾರ್ಲೊ ಅಂತ ಒಂದು ಕೂಪೆ ಮಾರಿತು. ಕೆಂಪು ಮೈ, ಹೊಳಪಿಲ್ಲದ ಕಪ್ಪು ಬಾನೆಟ್, ನೋಡಲು ಥೇಟ್ ರ‍್ಯಾಲಿ ಕಾರು. ಒಳಗಿದ್ದದ್ದು 1.3 ಎಂಜಿನ್. ಅದೂ ಚೆಂದದ ಕಾರೇ. ಆದರೆ ಅದನ್ನು ಅದರ ಬೆಲೆಗೇ ಕೊಳ್ಳಬೇಕು, ಅಲ್ವಾ?

ಹಾಗಾಗಿ ನನ್ನ ಜೇಬಿನಲ್ಲಿ ಒಂದು ಪುಟ್ಟ ಮ್ಯಾಗ್ನೆಟ್ ಇತ್ತು. ಹಳೇ ಕಾರು ನೋಡುವವರೆಲ್ಲ ಇದನ್ನು ಇಟ್ಟುಕೊಳ್ಳುತ್ತಾರೆ. ಆದರೆ ಈ ಕಾರಿನಲ್ಲಿ ಅದರ ಲೆಕ್ಕವೇ ಬೇರೆ. ಮೊದಲ ಸರಣಿಯ 1.6 ಎಚ್‌ಎಫ್‌ಗೆ ಬಾಗಿಲು, ಬಾನೆಟ್, ಡಿಕ್ಕಿ ಮುಚ್ಚಳ ಅಲ್ಯುಮಿನಿಯಂನವು. ಬಾಗಿಲಿಗೆ ಮ್ಯಾಗ್ನೆಟ್ ಅಂಟದಿದ್ದರೆ ಕುಣಿಯಬೇಕು. ಬಾಗಿಲ ಕೆಳಗಿನ ಉಕ್ಕಿನ ಪಟ್ಟಿಗೆ ಅಂಟದಿದ್ದರೆ ತಲೆ ಮೇಲೆ ಕೈ ಹೊರಬೇಕು. ಅಲ್ಲಿ ತುಕ್ಕು ತಿಂದ ಜಾಗಕ್ಕೆ ಪುಟ್ಟಿ ಮೆತ್ತಿದ್ದಾರೆ ಅಂತ ಅರ್ಥ.

ಇಟಲಿಯ ಪಿಯೆಡ್ಮಾಂಟ್‌ನಲ್ಲಿ ಮೊದಲು ನೋಡಿದ ಕಾರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಗೋಡೆ ತುಂಬಾ ರ‍್ಯಾಲಿ ಫೋಟೊಗಳು. ಮಾರುವವರ ಮಾತೂ ಅಷ್ಟೇ ನುಣುಪು. ಕಾರನ್ನು ಲಿಫ್ಟ್ ಮೇಲೆ ಎತ್ತಿ ಅಂದ ತಕ್ಷಣ ಅವರಿಗೆ ಕಾಫಿ ನೆನಪಾಯಿತು. ನಾನು ಕಾಫಿ ಕುಡಿದೆ, ಥ್ಯಾಂಕ್ಸ್ ಹೇಳಿದೆ, ಹೊರಟೆ.

ಈ ಕಾರಿನ ಹಿಂದಿನ ಮಾಲೀಕರು ವಯಸ್ಸಾದವರು. ಅವರೇ ನಮ್ಮನ್ನು ಕಾರಿನ ಕೆಳಗೆ ಕರೆದು, ಕೈಗೆ ಟಾರ್ಚ್ ಕೊಟ್ಟರು. ಫುಲ್ವಿಯಾದ ಎಂಜಿನ್, ಗೇರ್‌ಬಾಕ್ಸ್, ಮುಂದಿನ ಸಸ್ಪೆನ್ಷನ್ ಎಲ್ಲಾ ಸಬ್‌ಫ್ರೇಮ್ ಅನ್ನುವ ಒಂದು ಪ್ರತ್ಯೇಕ ಚೌಕಟ್ಟಿನ ಮೇಲೆ ಕೂತಿರುತ್ತದೆ. ಆ ಸಬ್‌ಫ್ರೇಮಿನ ಹಿಂಭಾಗ ಕಾರಿನ ಬಾಡಿಯನ್ನು ಸೇರುವ ಜಾಗವಿದೆ ನೋಡಿ, ಇಲ್ಲಿ, ನನ್ನ ಬೆರಳ ಹತ್ತಿರ. ನೀರು, ಕೆಸರು ನಿಲ್ಲುವುದು ಇಲ್ಲೇ. ತುಕ್ಕು ಶುರುವಾಗುವುದೂ ಇಲ್ಲೇ. ಎಂಜಿನ್ ಹಾಳಾದರೆ ಬಿಚ್ಚಿ ಕಟ್ಟಬಹುದು. ಇದು ಹೋದರೆ ಕಾರನ್ನು ಪೂರ್ತಿ ಬಿಚ್ಚಬೇಕು. ಅದಕ್ಕೇ ನಾನು ಎಂಜಿನ್ ಸ್ಟಾರ್ಟ್ ಮಾಡಿ ಅಂತ ಕೇಳುವ ಮೊದಲು ಇಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿದೆ. ಬಲಗಡೆ ಗಟ್ಟಿ. ಎಡಗಡೆ ಒಂದು ಹಳೇ ತೇಪೆ, ಅಷ್ಟೇನೂ ಚೆನ್ನಾಗಿ ವೆಲ್ಡ್ ಮಾಡಿಲ್ಲ. ಅದನ್ನು ಮಾಲೀಕರೇ ಮೊದಲು ತೋರಿಸಿದರು.

ಬಾಗಿಲಿಗೆ ಮ್ಯಾಗ್ನೆಟ್ ಇಟ್ಟೆ. ಚಾಲಕನ ಕಡೆ ಜಾರಿ ಬಿತ್ತು. ಇನ್ನೊಂದು ಕಡೆ ಟಪ್ ಅಂತ ಅಂಟಿತು! ಎಂದೋ ಗುದ್ದಿದ್ದು, ಸಿಕ್ಕಿದ ಉಕ್ಕಿನ ಬಾಗಿಲು ಹಾಕಿದ್ದು. ರ‍್ಯಾಲಿ ಓಡಿದ ಕಾರಿನಲ್ಲಿ ಇದು ಸಹಜ, ನನಗೆ ಬೇಸರ ಆಗಲಿಲ್ಲ. ಬೆಲೆ ಮಾತಾಡುವಾಗ ಮಾತ್ರ ಆ ಬಾಗಿಲನ್ನು ಸ್ವಲ್ಪ ಜಾಸ್ತಿಯೇ ನೆನಪಿಸಿದೆ.

ಕಾಗದಪತ್ರ ನೋಡಿದ ಮೇಲೆ ಧೈರ್ಯ ಬಂತು. ಫುಲ್ವಿಯಾಗಳ ಚಾಸಿ ನಂಬರ್ ಶುರುವಾಗುವುದು 818ರಿಂದ. ಅದರ ಮುಂದಿನ ಅಂಕಿಗಳು ಯಾವ ಮಾದರಿ ಅಂತ ಹೇಳುತ್ತವೆ. ಬಾಡಿ ಮೇಲೆ ಕೊರೆದದ್ದು, ಪ್ಲೇಟಿನ ಮೇಲಿರುವುದು, ನೋಂದಣಿ ಪುಸ್ತಕದಲ್ಲಿ ಬರೆದದ್ದು, ಮೂರೂ ತಾಳೆಯಾಗಬೇಕು. ಇಟಲಿಯಲ್ಲಿ ಪಿಆರ್‌ಎ ಅಂತ ವಾಹನಗಳ ಸಾರ್ವಜನಿಕ ರಿಜಿಸ್ಟರ್ ಇದೆ. ಕಾರು ಯಾವಾಗ ಯಾರ ಕೈಗೆ ಹೋಯಿತು ಅನ್ನುವ ದಾಖಲೆ ಅಲ್ಲಿ ತೆಗೆಸಬಹುದು. ತೆಗೆಸಿದೆವು. ಮೊದಲ ನೋಂದಣಿ ಟ್ಯೂರಿನ್, ಆ ಕಾಲದ ಕಪ್ಪು ನಂಬರ್ ಪ್ಲೇಟ್ ಈಗಲೂ ಇದೆ.

ಮೊದಲ ಕಾರಿನವರು ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ಕೊಡುವ ಪಾಸ್ ತೋರಿಸಿ, ಇದಕ್ಕಿಂತ ಇನ್ನೇನು ಬೇಕು ಅಂದಿದ್ದರು. ಹಳೇ ಕಾರುಗಳ ಸ್ಪರ್ಧೆಗೆ ಆ ಪಾಸ್ ಬೇಕು, ನಿಜ. ಆದರೆ ಅದು ಹೇಳುವುದು ಕಾರು ಆ ಕಾಲದ ತಾಂತ್ರಿಕ ನಿಯಮದಂತೆ ಇದೆ ಅಂತ ಮಾತ್ರ. ಇದೇ ಆ ಅಸಲಿ ಕಾರು, ಇದರ ಚರಿತ್ರೆ ಹೀಗಿದೆ ಅಂತ ಅದು ಹೇಳುವುದಿಲ್ಲ. ತುಂಬಾ ಜನ ಇಲ್ಲೇ ಜಾರುತ್ತಾರೆ.

ಓಡಿಸಿದೆ. ತಣ್ಣಗಿದ್ದಾಗ ಎಂಜಿನ್ ಗೊಣಗುತ್ತದೆ. ಎರಡನೇ ಗೇರಿಗೆ ಇಳಿಸುವಾಗ ಕರಕರ ಅನ್ನುತ್ತದೆ, ಅದನ್ನು ಬಿಚ್ಚಿಸಬೇಕು. ಬಿಸಿಯಾಗಿ, ಟ್ಯಾಕೋಮೀಟರ್ ಮುಳ್ಳು 4000 ದಾಟಿದ ಮೇಲೆ... ಸುಮ್ನೆ ಕೇಳಿ, ನಾನು ಮಾತಾಡುವುದಿಲ್ಲ.

ಕೇಳಿದಿರಾ?

ಡ್ಯಾಷ್‌ಬೋರ್ಡಿನಲ್ಲಿ ಈ ತೂತುಗಳನ್ನು ನೋಡಿ. ಕೋ-ಡ್ರೈವರ್ ದೂರ ಅಳೆಯಲು ಬಳಸುತ್ತಿದ್ದ ಹಾಲ್ಡಾ ಮೀಟರ್ ಇದ್ದ ಜಾಗ. ಇವನ್ನು ಮುಚ್ಚಿಸಿ ಅಂತ ಜೊತೆಗೆ ಬಂದ ಗೆಳೆಯ ಹೇಳಿದ. ನಾನು ಹಾಲ್ಡಾ ಹುಡುಕುತ್ತಿದ್ದೇನೆ. ಮಾಂಟೆ ಕಾರ್ಲೊ ಹಿಸ್ಟಾರಿಕ್ ರ‍್ಯಾಲಿಗೆ ಹಿಂದೆ ಮಾಂಟೆ ಕಾರ್ಲೊದಲ್ಲಿ ಓಡಿದ ಮಾದರಿಗಳನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ನನ್ನ ಕಾರಿಗೆ ಆ ಅರ್ಹತೆ ಇದೆ. ನನಗೆ ಇದೆಯಾ ಅನ್ನುವುದು ಬೇರೆ ಪ್ರಶ್ನೆ.

ಸದ್ಯಕ್ಕೆ ಟೈರ್ ಕಿತ್ತು ಬಿಸಾಕಬೇಕು. ಪಕ್ಕದಲ್ಲಿ 1409 ಅಂತಿದೆ, ಅಂದರೆ 2009ರ 14ನೇ ವಾರ ಮಾಡಿದ್ದು. ಪೆಟ್ರೋಲ್ ಹೋಸ್‌ಗಳೂ ಒಡೆದಿವೆ, ಅವು ಬದಲಾಗುವವರೆಗೆ ಇದು ಗ್ಯಾರೇಜ್ ಬಿಡುವುದಿಲ್ಲ. ಎಡಗಡೆಯ ಆ ತೇಪೆ ಕತ್ತರಿಸುವುದನ್ನು ಮುಂದಿನ ವಿಡಿಯೊದಲ್ಲಿ ತೋರಿಸುತ್ತೇನೆ.