ಆ ಐದು ಮರಿಗಳನ್ನ ನಾನು ಊರಿಂದ ತರಬಾರದಿತ್ತು

ನಮಸ್ಕಾರ ಎಲ್ಲರಿಗೂ. ಈಗ ನೀವು ನೋಡ್ತಿರೋದು ನಮ್ಮ ದೊಡ್ಡಮ್ಮನ ಮನೆ ಹಿತ್ತಲು. ಚನ್ನರಾಯಪಟ್ಟಣದಿಂದ ಸ್ವಲ್ಪ ಒಳಗೆ ಬರಬೇಕು. ಆ ಕಡೆ ರಾಗಿ ಹುಲ್ಲಿನ ಮೆದೆ ಕಾಣ್ತಿದೆಯಲ್ಲ, ಅದರ ಬುಡದಲ್ಲಿ ಗೂಡಿನ ಥರ ಒಂದು ಪೊಳ್ಳಿದೆ ನೋಡಿ. ಸಂಕ್ರಾಂತಿ ಆಸುಪಾಸಲ್ಲಿ ಕೆಂದಿ ಮರಿ ಹಾಕಿದ್ದು ಅಲ್ಲೇ. ಕೆಂದಿ ಅಂದ್ರೆ ಊರ ನಾಯಿ. ಯಾರ ಮನೇದೂ ಅಲ್ಲ, ಆದರೆ ಯಾರ ಮನೆ ಮುಂದೆ ಹೋದ್ರೂ ಒಂದು ತುತ್ತು ಬೀಳುತ್ತೆ. ಐದು ಮರಿ. ಎರಡು ಕೆಂಪು, ಎರಡು ಕಪ್ಪು, ಇನ್ನೊಂದು ಮೈಮೇಲೆಲ್ಲ ಒಲೆ ಬೂದಿ ಉದುರಿಸಿದ ಹಾಗಿತ್ತು.

ಇದನ್ನ ಹೇಳೋಕೆ ನನಗೆ ಇಷ್ಟು ತಿಂಗಳು ಬೇಕಾಯ್ತು. ಚಾನೆಲ್ ಫಾಲೋ ಮಾಡೋರಿಗೆ ಆ ರೀಲ್ ನೆನಪಿರಬಹುದು. ಟೊಮ್ಯಾಟೊ ಕ್ರೇಟ್‌ನಲ್ಲಿ ಐದು ಮರಿ, ಹಿಂದಿನ ಸೀಟು, ಮೇಲೊಂದು ಹಾಡು, ಕೆಳಗಡೆ ‘ರೆಸ್ಕ್ಯೂಡ್’ ಅಂತ ಬರೆದಿದ್ದೆ. ನನ್ನ ಯಾವ ವಿಡಿಯೋಗೂ ಅಷ್ಟು ಲೈಕ್ ಬಂದಿಲ್ಲ. ಅದನ್ನ ತೆಗೆದುಹಾಕಿದ್ದೀನಿ. ಆ ಐದರಲ್ಲಿ ಮೂರು ಮರಿ ವಾರದೊಳಗೆ ಸತ್ತುಹೋದವು. ಅವುಗಳ ಜೊತೆಗೆ, ಈ ಕಥೆಗೆ ಸಂಬಂಧವೇ ಇಲ್ಲದ ಇನ್ನೊಂದು ಮರಿನೂ ಸತ್ತಿತು.

ಅವತ್ತು ನಾನು ಮೆದೆ ಹತ್ತಿರ ಹೋದಾಗ ಕೆಂದಿ ಇರಲಿಲ್ಲ. ಮರಿಗಳು ಒಂದರ ಮೇಲೊಂದು ಬಿದ್ದು ಕುಂಯ್‌ಗುಡ್ತಿದ್ದವು. ಅಷ್ಟೇ ಸಾಕಾಯ್ತು ನನಗೆ, ತಾಯಿ ಬಿಟ್ಟುಹೋಗಿದೆ ಅಂತ ತೀರ್ಮಾನ ಮಾಡಿಬಿಟ್ಟೆ. ದೊಡ್ಡಮ್ಮ ಅಲ್ಲೇ ಸಗಣಿ ತಟ್ಟುತ್ತಾ ಇದ್ದರು. "ಬತ್ತದೆ ಕಣವ್ವ, ಹೋಟ್ಲು ತಾವ ಹೋಗಿರ್ತದೆ. ಹಾಲು ಕುಡಿಯೋ ಮರಿ ಬಿಟ್ಟು ಎಲ್ಲಿಗೋಯ್ತದೆ ಅದು?" ಅಂದ್ರು. ಐದು ಮರಿಗೆ ಹಾಲೂಡೋ ನಾಯಿಗೆ ಎಷ್ಟು ಹಸಿವಿರುತ್ತೆ ಅಂತ ನಾನು ಯೋಚನೆ ಮಾಡ್ಲಿಲ್ಲ. ಅನ್ನ ಹುಡುಕ್ಕೊಂಡು ಗಂಟೆಗಟ್ಟಲೆ ಹೋಗುತ್ತೆ, ಬರುತ್ತೆ. ದೂರ ನಿಂತು ಅರ್ಧ ದಿನ ಕಾದಿದ್ದರೆ ನನಗೇ ಗೊತ್ತಾಗ್ತಿತ್ತು. ಮನುಷ್ಯರು ಹತ್ತಿರ ನಿಂತಿದ್ದರೆ ಕೆಲವು ತಾಯಿ ನಾಯಿಗಳು ಬರೋದೂ ಇಲ್ಲ, ಹೆದರಿ ಮರೆಯಲ್ಲೇ ನಿಂತುಬಿಡುತ್ತವೆ.

ಆದರೆ ನಾನು ಆಗಲೇ ವಾಟ್ಸಾಪ್ ಗ್ರೂಪಲ್ಲಿ ಫೋಟೋ ಹಾಕಿ ಆಗಿತ್ತು. ಭಾನುವಾರ ಬೆಂಗಳೂರಲ್ಲಿ ಅಡಾಪ್ಷನ್ ಕ್ಯಾಂಪ್ ಇದೆ, ಶನಿವಾರದೊಳಗೆ ತಂದುಬಿಡಿ ಅಂತ ಗ್ರೂಪಲ್ಲಿ ಹೇಳಿದ್ರು. ಮರಿಗಳಿಗೆ ಆಗ ಹೆಚ್ಚೆಂದರೆ ನಲವತ್ತು ದಿನ. ಕನಿಷ್ಠ ಎರಡು ತಿಂಗಳಾದರೂ ತಾಯಿ ಜೊತೆ ಇರಬೇಕಾದ ಮರಿಗಳು. ಒಂದು ಜವಾಬ್ದಾರಿ ಕೆಲಸ ಮಾಡ್ತಿದ್ದೀನಿ ಅಂದ್ಕೊಂಡು ಹಿಂದಿನ ದಿನ ಪೇಟೆಗೆ ಕರ್ಕೊಂಡು ಹೋಗಿ ಎಲ್ಲಕ್ಕೂ ಲಸಿಕೆ ಹಾಕಿಸಿದೆ. ಕಾರ್ಡ್ ಕೊಟ್ರು. ಆ ಕಾರ್ಡನ್ನ ನಾನು ಎಷ್ಟು ನಂಬಿದ್ದೆ ಅಂದ್ರೆ, ಅದೇ ರಕ್ಷಾಕವಚ ಅನ್ನೋ ಥರ.

ಇಲ್ಲಿ ಸ್ವಲ್ಪ ನಿಂತು ಹೇಳ್ತೀನಿ, ಯಾಕಂದ್ರೆ ಬಹಳ ಜನ ಮಾಡೋ ತಪ್ಪು ಇದು. ಲಸಿಕೆ ಹಾಕಿದ ದಿನವೇ ಕೆಲಸ ಶುರು ಮಾಡಲ್ಲ, ಮೈಯಲ್ಲಿ ಶಕ್ತಿ ಹುಟ್ಟೋಕೆ ದಿನಗಳು ಬೇಕು. ಆಗಲೇ ವೈರಸ್ ಹೊಕ್ಕಿರೋ ಮರಿಗೆ ಆ ಇಂಜೆಕ್ಷನ್‌ನಿಂದ ಏನೂ ಆಗಲ್ಲ. ಎಳೇ ಮರಿಗಳಲ್ಲಿ ಇನ್ನೊಂದು ತೊಡಕಿದೆ: ತಾಯಿಯ ಮೊದಲ ಹಾಲಿನಿಂದ ಬಂದ ರೋಗನಿರೋಧಕ ಶಕ್ತಿ ಇನ್ನೂ ಇದ್ದರೆ ಅದೇ ಲಸಿಕೆಯನ್ನ ಹೊಡೆದುಹಾಕುತ್ತೆ. ಆ ತಾಯಿ ಶಕ್ತಿ ಯಾವ ಮರಿಗೆ ಯಾವ ವಾರ ಇಳಿಯುತ್ತೆ ಅಂತ ಹೊರಗಿಂದ ನೋಡಿ ಹೇಳೋಕಾಗಲ್ಲ. ಅದಕ್ಕೇ ಆರರಿಂದ ಎಂಟು ವಾರಕ್ಕೆ ಶುರು ಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಮರಿಗೆ 16 ವಾರ ಆಗೋ ತನಕ ಮತ್ತೆ ಮತ್ತೆ ಕೊಡೋದು. ಒಂದು ಡೋಸ್ ಆಗಿದೆ ಅಂದ್ರೆ ಲಸಿಕೆ ಆಗಿದೆ ಅಂತ ಅರ್ಥ ಅಲ್ಲ.

ಹೊರಟ್ವಿ. ಹಿರೀಸಾವೆ, ಬೆಳ್ಳೂರು ಕ್ರಾಸ್, ಯಡಿಯೂರು. ಬೆಂಗಳೂರಿಗೆ 150 ಕಿಲೋಮೀಟರ್ ಹತ್ತಿರ. ಕುಣಿಗಲ್ ಹತ್ತಿರ ಬರೋ ಹೊತ್ತಿಗೆ ಬೂದಿ ಬಣ್ಣದ ಮರಿ ವಾಂತಿ ಮಾಡ್ತು. ಬಿಳಿ ನೊರೆ. ಕಾರಲ್ಲಿ ತಲೆ ತಿರುಗಿರಬೇಕು ಅಂದ್ಕೊಂಡು ಎಸಿ ಜಾಸ್ತಿ ಮಾಡಿದೆ. ಹೊಟ್ಟೆ ಹಸಿದಿರುತ್ತೆ ಅಂತ ಟೀ ಅಂಗಡಿಯಲ್ಲಿ ಹಾಲು ತಗೊಂಡು, ಪೇಪರ್ ಕಪ್‌ನಲ್ಲಿ ಆರಿಸಿ ಕುಡಿಸಿದೆ. ಅವತ್ತು ಗೊತ್ತಿರಲಿಲ್ಲ ನನಗೆ: ಎಳೇ ಮರಿಯ ಮೈ ತಣ್ಣಗಾಗಿದ್ದರೆ ಹೊಟ್ಟೆ ಕೆಲಸ ಮಾಡೋದನ್ನೇ ನಿಲ್ಲಿಸಿರುತ್ತೆ. ಮೊದಲು ಮೈ ಬೆಚ್ಚಗೆ ಮಾಡಬೇಕು, ಆಮೇಲೆ ಆಹಾರ. ಹಸುವಿನ ಹಾಲು ಗಟ್ಟಿಮುಟ್ಟಾದ ಮರಿಗೂ ಭೇದಿ ತರಿಸಬಹುದು. ವಾಂತಿ ಮಾಡ್ತಿರೋ ಮರಿಗೆ, ಎಸಿ ಗಾಳಿಯಲ್ಲಿ ನಡುಗ್ತಿರೋ ಮರಿಗೆ ನಾನು ಕೊಟ್ಟಿದ್ದು ಅದನ್ನೇ.

ನೆಲಮಂಗಲ ದಾಟೋ ಹೊತ್ತಿಗೆ ವಾಸನೆ ಬಂತು. ಪಾರ್ವೊ ಅಂದ್ರೆ ನಾಯಿಮರಿಗಳಿಗೆ ವಾಂತಿ, ರಕ್ತಭೇದಿ ತರೋ ವೈರಸ್ ಕಾಯಿಲೆ. ಆ ಭೇದಿಯ ವಾಸನೆ ಒಂದು ಸಲ ಮೂಗಿಗೆ ಬಿದ್ದರೆ ಯಾವತ್ತೂ ಮರೆಯಲ್ಲ. ರಕ್ತ ಹಳಸಿದ ಹಾಗೆ, ಅದರೊಳಗೆ ಒಂಥರಾ ಸಿಹಿ. ಕ್ರೇಟ್ ಒಳಗೆ ಹಾಸಿದ್ದ ಹಳೇ ಟವೆಲ್ ಕಾಫಿ ಬಣ್ಣಕ್ಕೆ ತಿರುಗಿತ್ತು. ಮಿಕ್ಕ ನಾಲ್ಕು ಮರಿಗಳು ಆ ಟವೆಲ್ ಮೇಲೇ ಮಲಗಿದ್ದವು.

ಪಾರ್ವೊ ವೈರಸ್ಸನ್ನ ಮೊದಲು ಗುರುತಿಸಿದ್ದು 1978ರಲ್ಲಿ. ಒಂದೆರಡು ವರ್ಷದಲ್ಲೇ ಲೋಕವೆಲ್ಲ ಹರಡಿಬಿಟ್ಟಿತು. ನಮಗೆ, ಮನುಷ್ಯರಿಗೆ, ಅದು ಹತ್ತಲ್ಲ. ಆದರೆ ನಮ್ಮ ಚಪ್ಪಲಿಗೆ, ಬಟ್ಟೆಗೆ, ಕೈಗೆ ಅಂಟಿಕೊಂಡು ಊರೂರು ಹೋಗುತ್ತೆ. ಮೈಗೆ ಹೊಕ್ಕ ಮೇಲೆ ಸಾಮಾನ್ಯವಾಗಿ ಮೂರರಿಂದ ಏಳು ದಿನಕ್ಕೆ ಲಕ್ಷಣ ಕಾಣುತ್ತೆ. ಲಕ್ಷಣ ಕಾಣೋಕೆ ಮುಂಚೆನೇ ಮಲದಲ್ಲಿ ವೈರಸ್ ಬರೋಕೆ ಶುರುವಾಗಿರುತ್ತೆ. ಅಂದ್ರೆ ಕ್ಯಾಮೆರಾ ಮುಂದೆ ಬಾಲ ಆಡಿಸ್ತಿದ್ದ ಮರಿ ಆಗಲೇ ಪಕ್ಕದ ಮರಿಗೆ ಹಚ್ಚುತ್ತಾ ಇರಬಹುದು. ಇನ್ನು ಡಿಸ್ಟೆಂಪರ್ ಅನ್ನೋ ಇನ್ನೊಂದು ವೈರಸ್ ಕಾಯಿಲೆ ಇದಕ್ಕಿಂತ ಮೆಲ್ಲಗೆ ಬರೋದು. ಕಣ್ಣಲ್ಲಿ ಪಿಸರು, ಮೂಗಲ್ಲಿ ಸಿಂಬಳ, ಕೆಮ್ಮು, ಎಷ್ಟೋ ವಾರ ಕಳೆದ ಮೇಲೆ ಫಿಟ್ಸ್. ಅಷ್ಟು ಹೊತ್ತಿಗೆ ಮರಿ ಯಾರದೋ ಮನೆ ಸೇರಿ, ಆ ಮನೆ ಮಕ್ಕಳು ಅದಕ್ಕೊಂದು ಹೆಸರಿಟ್ಟಿರ್ತಾರೆ.

ನಾನು ಆ ಕ್ರೇಟನ್ನ ಇಳಿಸಿದ್ದು ನನ್ನ ಗೆಳತಿ ಮನೇಲಿ. ಒಂದು ರಾತ್ರಿ ಇಟ್ಕೋ, ಬೆಳಗ್ಗೆ ಕ್ಯಾಂಪಿಗೆ ಒಯ್ತೀನಿ ಅಂದೆ. ಅವಳ ಮನೇಲಿ ಮೂರು ತಿಂಗಳ ಮರಿ ಇತ್ತು, ಎರಡನೇ ಡೋಸ್ ಬಾಕಿ ಇತ್ತು. ಅದು ಓಡಿಬಂದು ಕ್ರೇಟ್ ಒಳಗೆ ಮೂತಿ ಹಾಕ್ತು. ನಾವಿಬ್ಬರೂ ಮುದ್ದಾಗಿದೆ ಅಂತ ನೋಡ್ತಾ ನಿಂತಿದ್ವಿ.

ರಾತ್ರಿ ಹನ್ನೊಂದಕ್ಕೆ ಕ್ಲಿನಿಕ್‌ಗೆ ಓಡಿದ್ವಿ. ಟೆಸ್ಟ್ ಕಿಟ್‌ನಲ್ಲಿ ಹತ್ತು ನಿಮಿಷಕ್ಕೆ ಎರಡು ಗೆರೆ, ಅಂದ್ರೆ ಪಾರ್ವೊ ಇದೆ ಅಂತ. ಡಾಕ್ಟ್ರು ಕೇಳಿದ ಮೊದಲ ಪ್ರಶ್ನೆ, "ಯಾವಾಗಿಂದ ವಾಂತಿ?" ಮಧ್ಯಾಹ್ನದಿಂದ ಅಂದೆ. ಅವರು ಏನೂ ಅನ್ನಲಿಲ್ಲ, ಸೂಜಿ ಹಾಕೋಕೆ ರಕ್ತನಾಳ ಹುಡುಕ್ತಾ ಇದ್ದರು. ಅಷ್ಟು ಸಣ್ಣ ಕಾಲು, ನೀರಿನಂಶವೆಲ್ಲ ಹೋಗಿ ನಾಳ ಸಿಗ್ತಾನೇ ಇರಲಿಲ್ಲ. ಪಾರ್ವೊ ವೈರಸ್ ಕೊಲ್ಲೋ ಮಾಮೂಲಿ ಮಾತ್ರೆ ಅಂತ ಯಾವುದೂ ಇಲ್ಲ. ಡ್ರಿಪ್ಸ್, ವಾಂತಿ ನಿಲ್ಲಿಸೋ ಔಷಧಿ, ಬೇರೆ ಸೋಂಕು ಏರದ ಹಾಗೆ ಆಂಟಿಬಯಾಟಿಕ್, ಬೆಚ್ಚಗಿನ ಜಾಗ. ಬೇಗ ಶುರು ಮಾಡಿದರೆ ಹೆಚ್ಚಿನವು ಬದುಕುತ್ತವೆ, ಹಾಗೇ ಬಿಟ್ಟರೆ ಉಳಿಯೋದು ತೀರಾ ಅಪರೂಪ. ಆ ಬೇಗ ಅನ್ನೋದನ್ನ ನಾನು ರಸ್ತೆ ಮೇಲೆ ಕಳೆದಿದ್ದೆ. ಬೂದಿ ಮರಿ ಬೆಳಗಿನ ಜಾವ ಹೋಯ್ತು. ಮಂಗಳವಾರ ಒಂದು ಕೆಂಪು, ಗುರುವಾರ ಇನ್ನೊಂದು ಕೆಂಪು. ಅದರ ಮುಂದಿನ ಭಾನುವಾರ ಗೆಳತಿಯ ಮರಿ.

ಅವಳು ನನ್ನ ಮೇಲೆ ಕೂಗಾಡಲಿಲ್ಲ. "ನಮ್ಮನೇಲಿ ಮರಿ ಇದೆ ಅಂತ ನಿನಗೆ ಗೊತ್ತಿತ್ತಲ್ವಾ?" ಅಂತ ಒಂದೇ ಒಂದು ಸಲ ಕೇಳಿದಳು. ಗೊತ್ತಿತ್ತು.

ಅವಳ ಮನೆ ತೊಳೆದಿದ್ದನ್ನೂ ಹೇಳಬೇಕು. ಫಿನಾಯಿಲ್ ಹಾಕಿದ್ವಿ, ಡೆಟಾಲ್ ಹಾಕಿದ್ವಿ, ಕೈಗೆಲ್ಲ ಸ್ಯಾನಿಟೈಸರ್. ಪಾರ್ವೊ ವಿಷಯದಲ್ಲಿ ಇವನ್ನ ನಂಬೋಕಾಗಲ್ಲ. ಬೇಕಾಗಿರೋದು ಬ್ಲೀಚ್, ಒಂದು ಭಾಗಕ್ಕೆ ಸುಮಾರು 30 ಭಾಗ ನೀರು. ಅದಕ್ಕೂ ಮೊದಲು ಗಲೀಜನ್ನೆಲ್ಲ ಸೋಪಿನಲ್ಲಿ ತಿಕ್ಕಿ ತೆಗೆದಿರಬೇಕು, ಗಲೀಜಿನ ಮೇಲೆ ಸುರಿದರೆ ಬ್ಲೀಚ್ ಶಕ್ತಿ ಅಲ್ಲೇ ಮುಗಿದುಹೋಗುತ್ತೆ. ಹಾಕಿ ಹತ್ತು ನಿಮಿಷ ಒದ್ದೆಯಾಗಿ ಬಿಡಬೇಕು. ಮಣ್ಣಿನ ಅಂಗಳ ಆದರೆ ಅದೂ ಸಾಕಾಗಲ್ಲ, ನೆರಳಿರೋ ಮಣ್ಣಲ್ಲಿ ಆ ವೈರಸ್ ತಿಂಗಳುಗಟ್ಟಲೆ ಬದುಕಿರುತ್ತೆ. ಅವಳು ಇವತ್ತಿಗೂ ಇನ್ನೊಂದು ಮರಿ ತಂದಿಲ್ಲ.

ನಾನೊಬ್ಬಳೇ ಅಲ್ಲ ಹೀಗೆ ಮಾಡೋದು, ಅದೇ ನನಗೆ ಈಗ ಹೆಚ್ಚು ಸಂಕಟ. ದಿನಾ ಗ್ರೂಪ್‌ಗಳಲ್ಲಿ ನೋಡ್ತೀನಿ. ‘ಅರ್ಜೆಂಟ್ ಟ್ರಾನ್ಸ್‌ಪೋರ್ಟ್ ಬೇಕು’, ‘ನಾಳೆಯೊಳಗೆ ಪಿಕಪ್’, ಕೆಳಗೊಂದು ಕ್ಯೂಆರ್ ಕೋಡ್. ಬೇರೆ ಬೇರೆ ಊರಿನ ಮೂರು ತಾಯಿಯ ಮರಿಗಳು ಒಂದೇ ವ್ಯಾನು, ಒಂದೇ ಕ್ರೇಟು. ಕ್ಯಾಂಪಿಗೆ ಬಂದವರು ಈ ಮರಿ ಎತ್ತಿ, ಇಳಿಸಿ, ಅದೇ ಕೈಯಲ್ಲಿ ಆ ಮರಿ ಎತ್ತುತ್ತಾರೆ. ಒಂದು ಮರಿಗಿರೋ ಕಾಯಿಲೆ ಸಂಜೆಯೊಳಗೆ ಹತ್ತು ಬಡಾವಣೆ ಸೇರೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಕಳಿಸಿದವರಿಗೆ ಗೊತ್ತೇ ಆಗಲ್ಲ, ಯಾಕಂದ್ರೆ ಮರಿ ಸತ್ತ ಸುದ್ದಿಯನ್ನ ಯಾರೂ ರೀಲ್ ಮಾಡಲ್ಲ.

ಕಾನೂನು ಇದನ್ನ ಎಷ್ಟೋ ಹಿಂದೆಯೇ ಯೋಚಿಸಿದೆ. 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ನಾಯಿಗಳನ್ನ ಸಾಗಿಸಬೇಕಾದರೆ ಪಶುವೈದ್ಯರ ಪ್ರಮಾಣಪತ್ರ ಜೊತೆಗಿರಬೇಕು: ಪ್ರಯಾಣಕ್ಕೆ ತಕ್ಕ ಹಾಗಿದೆ, ರೇಬೀಸ್ ಸೇರಿ ಯಾವ ಅಂಟುರೋಗದ ಲಕ್ಷಣವೂ ಇಲ್ಲ ಅಂತ. ನನ್ನ ಕೈಲಿದ್ದದ್ದು ಲಸಿಕೆ ಕಾರ್ಡ್ ಮಾತ್ರ. ಇದೆರಡೂ ಒಂದೇ ಅಲ್ಲ.

ವಿಮಾನದಲ್ಲೂ ಇದೇ ಆಗಿದೆ. 2021ರ ಜೂನ್‌ನಲ್ಲಿ ಅಜರ್‌ಬೈಜಾನ್‌ನಿಂದ ಅಮೆರಿಕದ ಚಿಕಾಗೋಗೆ 33 ನಾಯಿ, ಒಂದು ಬೆಕ್ಕನ್ನ ರೆಸ್ಕ್ಯೂ ಅಂತ ಕಳಿಸಿದರು. ಅದರಲ್ಲಿ ಒಂದು ನಾಯಿಗೆ ರೇಬೀಸ್ ಇತ್ತು. ಅಷ್ಟೊತ್ತಿಗೆ ಪ್ರಾಣಿಗಳು ಹಲವು ರಾಜ್ಯಗಳ ಮನೆಗಳಿಗೆ ಹಂಚಿಹೋಗಿದ್ದವು. ಹೊರದೇಶದಲ್ಲಿರೋ ನಮ್ಮವರು ಬೆಂಗಳೂರಿನ ಬೀದಿ ಮರಿ ಕರೆಸ್ಕೋಬೇಕು ಅಂತ ನನಗೆ ಮೆಸೇಜ್ ಮಾಡ್ತಾರೆ. ನಿಮ್ಮ ಪ್ರೀತಿ ನನಗೆ ಅರ್ಥ ಆಗುತ್ತೆ. ಆದರೆ ರೇಬೀಸ್ ಅಪಾಯ ಹೆಚ್ಚಿರೋ ದೇಶ ಅಂತ ಅಮೆರಿಕ ಭಾರತವನ್ನ ಪಟ್ಟಿ ಮಾಡಿದೆ, ಆರು ತಿಂಗಳು ತುಂಬದ ನಾಯಿಯನ್ನ ಈಗ ಒಳಗೇ ಬಿಡಲ್ಲ.

ರೇಬೀಸ್ ಅಂದಮೇಲೆ ಇದನ್ನೂ ಕೇಳಿ. 2025ರ ಜೂನ್‌ನಲ್ಲಿ ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆಯ ಒಬ್ಬ ಯುವ ಕಬಡ್ಡಿ ಆಟಗಾರ ತೀರಿಕೊಂಡರು. ಕೆಲವು ವಾರಗಳ ಹಿಂದೆ ಚರಂಡಿಗೆ ಬಿದ್ದ ನಾಯಿಮರಿಯನ್ನ ಎತ್ತಿದ್ದರು, ಅದು ಬೆರಳಿಗೆ ಕಚ್ಚಿತ್ತು. ಸಣ್ಣ ಗಾಯ ಅಂತ ಇಂಜೆಕ್ಷನ್ ತಗೊಂಡಿರಲಿಲ್ಲ. ಒಂದು ಜೀವ ಉಳಿಸೋಕೆ ಕೈ ಚಾಚಿದ ಮನುಷ್ಯ. ಆ ಸುದ್ದಿ ಓದಿದಾಗ ನನ್ನ ಬಲಗೈ ಹೆಬ್ಬೆರಳು ನೋಡ್ಕೊಂಡೆ, ಅಲ್ಲೊಂದು ಹಾಲುಹಲ್ಲಿನ ಗುರುತಿದೆ. ಕ್ಲಿನಿಕ್‌ನಲ್ಲಿ ಡಾಕ್ಟ್ರು ಅವತ್ತೇ ಗದರಿಸಿ ಕಳಿಸಿದ್ದರಿಂದ ನಾನು ಹೋದೆ: ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಮೊದಲ ಡೋಸ್, ಆಮೇಲೆ 3, 7, 28ನೇ ದಿನ. ರಕ್ತ ಬಂದಿದ್ದರಿಂದ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್, ಅಂದ್ರೆ ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್ ಕೂಡ ಕೊಟ್ರು. ಹುಚ್ಚು ನಾಯಿ ರೋಗಕ್ಕೆ ಮರಿ, ದೊಡ್ಡದು ಅನ್ನೋ ಭೇದ ಇಲ್ಲ. ಲಕ್ಷಣ ಬಂದ ಮೇಲೆ ಆಸ್ಪತ್ರೆಯವರೂ ಏನೂ ಮಾಡೋಕಾಗಲ್ಲ.

ಹಾಗಾದ್ರೆ ಮರಿಗಳನ್ನ ನೋಡಿಯೂ ಸುಮ್ಮನೆ ಹೋಗೋದಾ ಅಂತ ಕೇಳ್ತೀರಿ. ಇಲ್ಲ. ನಾನು ಅವತ್ತು ಏನು ಮಾಡಬಹುದಿತ್ತು ಅಂತ ಈಗ ಗೊತ್ತು. ಈ ಮೆದೆ ಪಕ್ಕ ಎರಡು ಗೋಣಿಚೀಲ ಹಾಸಬಹುದಿತ್ತು. ಕೆಂದಿಗೆ ದಿನಾ ಎರಡು ಹೊತ್ತು ಮುದ್ದೆ, ಮೊಟ್ಟೆ ಹಾಕೋಕೆ ದೊಡ್ಡಮ್ಮನ ಕೈಗೆ ದುಡ್ಡು ಕೊಡಬಹುದಿತ್ತು, ಆ ಪೆಟ್ರೋಲ್ ಖರ್ಚಿನಲ್ಲೇ ಒಂದು ತಿಂಗಳು ನಡೀತಿತ್ತು. ಹುಳದ ಔಷಧಿ, ಲಸಿಕೆ ಇಲ್ಲೇ ಹಾಕಿಸಬಹುದಿತ್ತು. ಯಾರಾದ್ರೂ ಸಾಕ್ತೀನಿ ಅಂದರೆ ಡೋಸ್‌ಗಳು ಮುಗಿಯೋ ತನಕ ಕಾಯಿಸಬಹುದಿತ್ತು. ಕಾಯಲ್ಲ ಅನ್ನೋರಿಗೆ ಕೊಡಲೇಬಾರದಿತ್ತು. ತಾಯಿ ಸತ್ತಿದ್ದರೆ, ಗಾಯ ಆಗಿದ್ದರೆ, ಎತ್ತಲೇಬೇಕು, ಸರಿ. ಆಗಲೂ ಮೊದಲು ಹತ್ತಿರದ ಪಶು ಆಸ್ಪತ್ರೆ, ಆಮೇಲೆ ಬೇರೆ ನಾಯಿ ಇಲ್ಲದ ಜಾಗದಲ್ಲಿ ಕನಿಷ್ಠ 14 ದಿನ ಪ್ರತ್ಯೇಕ. ಪ್ರಯಾಣದ ಮಾತು ಅದಾದ ಮೇಲೆ.

ಉಳಿದ ಎರಡು ಕಪ್ಪು ಮರಿ ಚೆನ್ನಾಗಿವೆ. 16 ವಾರದ ಡೋಸ್ ಮುಗಿಸಿ ಒಂದನ್ನ ತುಮಕೂರಿನ ಒಂದು ಮನೆಗೆ ಕೊಟ್ಟೆ. ಇನ್ನೊಂದು ನನ್ನ ಜೊತೆಗಿದೆ, ಇವತ್ತು ಬೇಕಂತಲೇ ಕರ್ಕೊಂಡು ಬಂದಿಲ್ಲ.

ಕೆಂದಿ ಇಲ್ಲಿದೆ ನೋಡಿ. ಎಡಗಿವಿ ತುದಿ ಕತ್ತರಿಸಿರೋದು ಕಾಣುತ್ತಾ? ಸಂತಾನಹರಣ ಆಪರೇಷನ್ ಆಗಿದೆ ಅನ್ನೋ ಗುರುತು ಅದು. ಪೇಟೆಯಲ್ಲಿ ಮಾಡಿಸಿ, ಗಾಯ ಮಾಗಿದ ಮೇಲೆ ಇದೇ ಮೆದೆ ಹತ್ತಿರ ತಂದು ಬಿಟ್ವಿ. ನಾಯಿಗಳ ಸಂತಾನ ನಿಯಂತ್ರಣಕ್ಕೆ ಅಂತ ಇರೋ 2023ರ ಎಬಿಸಿ ನಿಯಮವೂ ಅದನ್ನೇ ಹೇಳೋದು, ಹಿಡಿದ ಜಾಗಕ್ಕೇ ವಾಪಸ್. ಅವತ್ತು ಮರಿ ಒಯ್ದಾಗ ಎಂಟು ದಿನ ಹುಡುಕ್ತಂತೆ. ಕೊಟ್ಟಿಗೆ, ಬಾವಿ ಹತ್ತಿರ, ರಾತ್ರಿ ಮೆದೆ ಕೆರೆಯೋದು. ದೊಡ್ಡಮ್ಮ ಇದನ್ನ ಫೋನಲ್ಲಿ ಹೇಳಿರಲಿಲ್ಲ, ಈ ಸಲ ಬಂದಾಗ ಹೇಳಿದ್ರು. ನಾನು ಕೈ ಚಾಚಿದರೆ ಈಗಲೂ ಹತ್ತಿರ ಬರಲ್ಲ.

ನಾಳೆ ಬೆಳಗ್ಗೆ ಪಶು ಆಸ್ಪತ್ರೆಯವರು ಬರ್ತಾರೆ, ಊರಿನ ನಾಯಿಗಳಿಗೆಲ್ಲ ರೇಬೀಸ್ ಲಸಿಕೆ ಹಾಕೋಕೆ. ನಾನು, ದೊಡ್ಡಮ್ಮ ಕೂತು ಎಣಿಸಿದ್ವಿ, ಹದಿನಾಲ್ಕು ನಾಯಿ ಇವೆ. ಕೆಂದಿನ ಯಾರು ಹಿಡ್ಕೋಳೋದು ಅಂತ ಕೇಳಿದೆ. "ನಾನೇ ಹಿಡ್ಕೋತೀನಿ, ನೀನು ವಸಿ ದೂರ ನಿಂತ್ಕೊ" ಅಂದ್ರು. ಹಾಗೇ ಮಾಡ್ತೀನಿ.