ಚೇಣಿದಾರನ ಕಣ್ಣಲ್ಲಿ ಗಾಲ್ಫ್

ನಮಸ್ಕಾರ. ತೀರ್ಥಹಳ್ಳಿ ಕಡೆಯಿಂದ ಮಾತಾಡ್ತಿದ್ದೀನಿ. ಹಿಂದೆ ಕೇಳ್ತಿರೋದು ತಗಡಿನ ಮೇಲೆ ಬೀಳೋ ಮಳೆ. ಮೈಕ್ ಚೆನ್ನಾಗೇ ಇದೆ.

ನಾವು ಐದು ಜನ ಗೆಳೆಯರು ಪ್ರತಿ ಏಪ್ರಿಲ್‌ನಲ್ಲಿ ಅಮೆರಿಕದ ಆಗಸ್ಟಾ ಮೈದಾನದಲ್ಲಿ ನಡೆಯೋ ಮಾಸ್ಟರ್ಸ್ ಗಾಲ್ಫ್ ಟೂರ್ನಿ ಮೇಲೆ ಬಾಜಿ ಕಟ್ತೀವಿ. ದುಡ್ಡಲ್ಲ ಮಾರಾಯ್ರೆ, ತೊಡೆದೇವು, ನಮ್ಮ ಮಲೆನಾಡಿನ ಆ ತೆಳ್ಳನೆ ಸಿಹಿ. ದುಡ್ಡು ಕಟ್ಟಿ ಆನ್‌ಲೈನ್‌ನಲ್ಲಿ ಆಡೋದನ್ನ 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ನಿಷೇಧಿಸಿತು, ನಮಗೆ ಅದರಿಂದ ಏನೂ ನಷ್ಟ ಆಗಲಿಲ್ಲ. ಲೆಕ್ಕ ಸುಲಭ. ಹೊರದೇಶದ ಬುಕ್ಕಿಗಳು ಒಬ್ಬ ಆಟಗಾರನಿಗೆ ಒಂದಕ್ಕೆ ಹತ್ತು ಅಂತ ರೇಟು ಹಾಕಿದ್ರೆ, ಅವನು ಗೆದ್ದಾಗ ಹತ್ತು ತೊಡೆದೇವು ಸಿಗುತ್ತೆ. ಸೋತರೆ ಒಂದು ಕೊಟ್ಟರಾಯ್ತು.

ಉಳಿದ ನಾಲ್ವರೂ ಕಣ್ಣು ಮುಚ್ಕೊಂಡು ಸ್ಕಾಟಿ ಶೆಫ್ಲರ್ ಗೆಲ್ತಾನೆ ಅಂತಾರೆ. ನನ್ನ ತಕರಾರು ಇರೋದೇ ಇಲ್ಲಿ.

ನಮ್ಮ ತೋಟಕ್ಕೆ ಚೇಣಿದಾರರು, ಅಂದ್ರೆ ಮರದಲ್ಲಿರೋ ಫಸಲನ್ನ ಗುತ್ತಿಗೆ ಹಿಡಿಯೋರು, ಬರೋದನ್ನ ಚಿಕ್ಕಂದಿನಿಂದ ನೋಡಿದ್ದೀನಿ. ಅಡಿಕೆ ಇನ್ನೂ ಮರದಲ್ಲೇ ಇರುತ್ತೆ. ಅವರು ಕತ್ತೆತ್ತಿ ಗೊನೆ ನೋಡ್ತಾ ಸಾಲು ಸಾಲು ನಡೀತಾರೆ. ಔಷಧಿ ಎಷ್ಟು ಸಲ ಹೊಡೆಸಿದ್ರಿ, ಕೊಳೆ ರೋಗ ಎಷ್ಟು ಮರಕ್ಕೆ ಬಂತು ಅಂತ ಕೇಳ್ತಾರೆ. ಹೋದ ವರ್ಷದ ಫಸಲಿನ ಬಗ್ಗೆ ಅಪ್ಪ ಹೇಳೋ ಕಥೆಗೆ ಹೂಂ ಅಂತಾರೆ, ಕಿವಿಗೆ ಹಾಕ್ಕೊಳಲ್ಲ. ಕೊನೆಗೊಂದು ಮಾತು: "ತೋಟ ಚೆನ್ನಾಗಿದೆ ಗೌಡ್ರೇ, ಆದ್ರೆ ಆ ರೇಟಿಗೆ ನಂಗೆ ಬೇಡ."

ಶೆಫ್ಲರ್ ಬಗ್ಗೆ ನಾನು ಹೇಳೋದೂ ಅಷ್ಟೇ. ಒಂದಕ್ಕೆ ನಾಲ್ಕು ರೇಟು ಅಂದ್ರೆ, ನಮಗೆ ನಷ್ಟ ಆಗದಿರೋಕೆ ಅವನು ಐದು ಸಲ ಆಡಿದರೆ ಒಂದು ಸಲವಾದ್ರೂ ಗೆಲ್ಲಬೇಕು, ಅದೂ ತೊಂಬತ್ತು ಚಿಲ್ಲರೆ ಆಟಗಾರರ ನಡುವೆ. ಹೌದು, ಅವನು 2025ರವರೆಗೆ ಆಗಸ್ಟಾದಲ್ಲಿ ಆರು ಸಲ ಆಡಿ 2022, 2024ರಲ್ಲಿ ಗೆದ್ದಿದ್ದಾನೆ. ನನ್ನ ವಾದಕ್ಕೇ ಏಟು, ಒಪ್ಕೊಳ್ತೀನಿ. ಆದ್ರೆ ಟೈಗರ್ ವುಡ್ಸ್‌ನ ನೆನಪಿಸ್ಕೊಳ್ಳಿ. 1997ರಲ್ಲಿ ಹನ್ನೆರಡು ಸ್ಟ್ರೋಕ್, ಅಂದ್ರೆ ಹೊಡೆತದ ಅಂತರದಲ್ಲಿ ಗೆದ್ದ ಮನುಷ್ಯ; ಗಾಲ್ಫ್‌ನಲ್ಲಿ ಕಮ್ಮಿ ಹೊಡೆದವನೇ ಗೆಲ್ಲೋದು. 2005ರಲ್ಲಿ ಗೆದ್ದ ಮೇಲೆ ಅದೇ ಮೈದಾನದಲ್ಲಿ ಮತ್ತೆ ಗೆಲ್ಲೋಕೆ 2019 ಆಯ್ತು. ನಡುವೆ ಆ ಹೆಸರಿಗೆ ಅಂತ ಹೋದ ದುಡ್ಡು ಎಷ್ಟಿರಬಹುದು!

ಹಾಗಾದ್ರೆ ಏನು ನೋಡ್ಬೇಕು? ಮೊದಲು ಮೈದಾನ. ಆಗಸ್ಟಾದಲ್ಲಿ ಮೊದಲ ಸಲ ಆಡಿ ಗೆದ್ದ ಕೊನೆಯವನು ಫಜ್ಜಿ ಜೋಲರ್, 1979ರಲ್ಲಿ. ಅಲ್ಲಿನ ಗ್ರೀನ್‌ಗಳ, ಅಂದ್ರೆ ಗುಂಡಿ ಸುತ್ತಲ ನುಣುಪು ಹುಲ್ಲಿನ, ಇಳಿಜಾರು ಒಂದೆರಡು ವರ್ಷದಲ್ಲಿ ಕೈಗೆ ಸಿಗೋದಲ್ಲ. ಹಾಗಾಗಿ ಹೊಸಬರನ್ನ ನಾನು ಶುರುವಿನಲ್ಲೇ ಕೈ ಬಿಡ್ತೀನಿ. ಆಮೇಲೆ ಐರನ್ ಅನ್ನೋ ಕೋಲಿನ ಹೊಡೆತ. ದೂರದಿಂದ ಗ್ರೀನ್‌ಗೆ ಹೊಡೆಯೋ ಕೈ ವಾರದಿಂದ ವಾರಕ್ಕೆ ಅಷ್ಟಾಗಿ ಬದಲಾಗಲ್ಲ. ಗ್ರೀನ್ ಮೇಲೆ ಚೆಂಡನ್ನ ಗುಂಡಿಗೆ ಉರುಳಿಸೋ ಪಟ್ಟಿಂಗ್ ಹಾಗಲ್ಲ, ಈ ವಾರ ಬಿದ್ದ ಚೆಂಡು ಮುಂದಿನ ವಾರ ಅಂಚು ಸವರಿ ಹೊರಗೆ ಹೋಗುತ್ತೆ. ಹಿಂದಿನ ವಾರ ಪಟ್ಟಿಂಗ್ ಬಲದಿಂದ ಗೆದ್ದು ಬಂದವನ ರೇಟು ಇಳಿದುಬಿಟ್ಟಿರುತ್ತೆ, ಅವನ ತಂಟೆಗೆ ಹೋಗ್ಬೇಡಿ. ಜುಲೈನ ಬ್ರಿಟಿಷ್ ಓಪನ್‌ಗೆ ಇದರ ಜೊತೆ ಗಾಳಿನೂ ನೋಡ್ಬೇಕು. ಬೆಳಿಗ್ಗೆ ಆಡಿದವರಿಗೊಂದು ಹವೆ, ಮಧ್ಯಾಹ್ನದವರಿಗೆ ಇನ್ನೊಂದು, ಅಲ್ಲಿಗೆ ಅರ್ಧ ಲೆಕ್ಕ ತಲೆಕೆಳಗು.

ಇಷ್ಟೆಲ್ಲಾ ನೋಡಿದ್ರೂ ಆಗಸ್ಟಾದ ಹದಿನೆಂಟು ಹೋಲ್‌ಗಳಲ್ಲಿ, ಅಂದ್ರೆ ಗುಂಡಿಗಳಲ್ಲಿ, ಹನ್ನೆರಡನೇದು ಒಂದಿದೆ. ಬರೀ 155 ಗಜ, ಮುಂದೆ ಸಣ್ಣ ತೊರೆ. 2016ರಲ್ಲಿ ನನ್ನ ಆಯ್ಕೆ ಜೋರ್ಡನ್ ಸ್ಪೀತ್. ಕೊನೇ ದಿನ ಒಂಬತ್ತು ಹೋಲ್ ಮುಗಿದಾಗ ಐದು ಸ್ಟ್ರೋಕ್ ಮುಂದಿದ್ದ. ಹನ್ನೆರಡರಲ್ಲಿ ಎರಡು ಚೆಂಡು ನೀರಿಗೆ ಹಾಕಿ, ಮೂರರಲ್ಲಿ ಮುಗಿಸಬೇಕಾದ್ದಕ್ಕೆ ಏಳು ಹೊಡೆದ. ಗೆದ್ದಿದ್ದು ಡ್ಯಾನಿ ವಿಲೆಟ್, ಮಗು ಬೇಗ ಹುಟ್ಟಿದ್ದಕ್ಕೇ ಆಡೋಕೆ ಬಂದವನು! ಯಾವ ಚೇಣಿದಾರ ತಾನೇ ಇದನ್ನ ಲೆಕ್ಕ ಹಾಕ್ತಾನೆ?

2025ರಲ್ಲಿ ನಾನು ಜಸ್ಟಿನ್ ರೋಸ್ ಅಂದೆ. ನಲವತ್ನಾಲ್ಕರ ಮುದುಕನಾ ಅಂತ ನಗಾಡಿದ್ರು. 2017ರಲ್ಲಿ ಅದೇ ಆಗಸ್ಟಾದಲ್ಲಿ ಸಮ ಆದಾಗ ಆಡಿಸೋ ಪ್ಲೇಆಫ್‌ವರೆಗೆ ಹೋಗಿ ಸೋತವನು, ಹಿಂದಿನ ವರ್ಷವಷ್ಟೇ ಟ್ರೂನ್‌ನಲ್ಲಿ ನಡೆದ ಬ್ರಿಟಿಷ್ ಓಪನ್‌ನಲ್ಲಿ ಎರಡನೇ ಸ್ಥಾನ, ಆದರೂ ರೇಟು ದೊಡ್ಡದೇ ಇತ್ತು. ಮೊದಲ ದಿನವೇ 65 ಹೊಡೆದು ಮುಂದೆ ನಿಂತ. ಕೊನೇ ದಿನ 66. ನಮ್ಮಲ್ಲಿ ಸೋಮವಾರ ಬೆಳಗಿನ ಜಾವ, ಪುಣ್ಯಕ್ಕೆ ಅಂಬೇಡ್ಕರ್ ಜಯಂತಿ ರಜೆ. ರೋರಿ ಮೆಕಿಲ್ರಾಯ್ ಹದಿನೆಂಟರಲ್ಲಿ ಐದಡಿಯ ಪಟ್ ತಪ್ಪಿಸಿ ರೋಸ್‌ಗೆ ಸಮ ಆದಾಗ ನಾನು ಕೂಗಿದ ಕೂಗಿಗೆ ಕೊಟ್ಟಿಗೆಯ ದನ ಎದ್ದು ನಿಂತ್ವು. ಪ್ಲೇಆಫ್‌ನಲ್ಲಿ ಒಂದೇ ಹೋಲ್, ರೋರಿ ಬರ್ಡಿ, ಅಂದ್ರೆ ನಿಗದಿಗಿಂತ ಒಂದು ಹೊಡೆತ ಕಮ್ಮಿ, ಮುಗೀತು.

ಶೆಫ್ಲರ್ ನಾಲ್ಕನೆಯವನು. ಅಂದ್ರೆ ಐವರೂ ಸೋತ್ವಿ. ಸಾಗರದಿಂದ ತರಿಸಿದ ತೊಡೆದೇವು ಹಾಲು, ತುಪ್ಪ ಹಾಕ್ಕೊಂಡು ಎಲ್ಲರೂ ಸೇರಿ ತಿಂದ್ವಿ. ನನ್ನ ಆಯ್ಕೆ ಸರಿಯಾಗೇ ಇತ್ತು ಅಂತ ನಾನು ಈಗಲೂ ಹೇಳ್ತೀನಿ, ಅವರು ಈಗಲೂ ನಗಾಡ್ತಾರೆ. ಒಂದು ನಿಯಮ ಮಾತ್ರ ಜಗಳ ಮಾಡಿ ಸೇರಿಸಿದ್ದೀನಿ: ಮೊದಲ ಐದರೊಳಗೆ ಬಂದರೂ ಅರ್ಧ ತೊಡೆದೇವು.