ಬಾಗಿಲು ಯಾಕೆ ಹಾಕಿಕೊಂಡರು ಅಂತ ಕೇಳಿದ್ದು ಸಾಕು

ನಮಸ್ಕಾರ, ನಮಸ್ಕಾರ. ಹೋದ ವಾರ ಹಿಂದೂಸ್ತಾನಿ ಸಂಗೀತದ ಗುರು, ಸಿತಾರ್ ವಾದಕ ರವಿಶಂಕರ್ ಅವರ ಮೊದಲ ಹೆಂಡತಿ ಅನ್ನಪೂರ್ಣಾ ದೇವಿ ಮೇಲಿನ ಸಾಕ್ಷ್ಯಚಿತ್ರ ನೋಡಿ ಅಂದಿದ್ದೆ. ‘6-ಎ ಆಕಾಶ್ ಗಂಗಾ’. ಮುಂಬೈಯಲ್ಲಿ ಅವರಿದ್ದ ಫ್ಲ್ಯಾಟಿನ ವಿಳಾಸವೇ ಚಿತ್ರದ ಹೆಸರು. ಅದಕ್ಕೆ ಒಬ್ಬ ಪುಣ್ಯಾತ್ಮ ಕಾಮೆಂಟ್ ಹಾಕಿದ್ದಾನೆ: "ಗುರೂ, ಅದೆಲ್ಲ ಇರಲಿ, ರವಿಶಂಕರ್‌ಗೆ ಹೊಟ್ಟೆಕಿಚ್ಚಿತ್ತಾ ಇಲ್ವಾ, ಅಷ್ಟು ಹೇಳು."

ಅಷ್ಟು ಹೇಳಬೇಕಂತೆ! ಗಂಡನ ಹೊಟ್ಟೆಕಿಚ್ಚಿಗೇ ಇವರು ವೇದಿಕೆ ಬಿಟ್ಟು ಮನೆ ಬಾಗಿಲು ಹಾಕಿಕೊಂಡರು ಅನ್ನೋ ಗಾಸಿಪ್ ಇದೆಯಲ್ಲ, ಅದು.

ನೋಡಿ, ಅನ್ನಪೂರ್ಣಾ ದೇವಿ ಮೈಹರ್‌ನ ದೊಡ್ಡ ಸಂಗೀತ ಗುರು ಅಲ್ಲಾವುದ್ದೀನ್ ಖಾನರ ಮಗಳು. ಸಿತಾರ್ ಕಲಿಯುತ್ತಿದ್ದ ಮಗಳ ಕೈಗೆ ಸುರಬಹಾರ್ ಕೊಟ್ಟಿದ್ದು ಆ ಅಪ್ಪನೇ. ಸುರಬಹಾರ್ ಅಂದರೆ ಸಿತಾರ್‌ಗಿಂತ ದೊಡ್ಡದು, ದನಿ ಇನ್ನೂ ಕೆಳಗೆ, ನಿಧಾನವಾಗಿ ಆಲಾಪ (ತಾಳವಿಲ್ಲದ ರಾಗವಿಸ್ತಾರ) ಬೆಳೆಸುವ ವಾದ್ಯ. ಚಪ್ಪಾಳೆ ಬೇಕಾದವರು ಅದರ ಹತ್ತಿರ ಹೋಗುವುದಿಲ್ಲ. ಅಂದರೆ ಮದುವೆಗೂ ಮುಂಚೆಯೇ ಇವರ ದಾರಿ ಬೇರೆ ಇತ್ತು ಅಲ್ವಾ? ಆದರೂ ನಮಗೆ 1941ರ ಮದುವೆಯಿಂದಲೇ ಕಥೆ ಶುರುವಾಗಬೇಕು.

ವೇದಿಕೆ ಬಿಟ್ಟರು, ನಿಜ. ಕೆಲಸ ಬಿಟ್ಟರಾ? ಇಲ್ಲ! ಹರಿಪ್ರಸಾದ್ ಚೌರಾಸಿಯಾ ಆಗಲೇ ಹೆಸರು ಮಾಡಿದ್ದ ಕಲಾವಿದ. ಇವರ ಹತ್ತಿರ ಹೊಸದಾಗಿ ಶುರು ಮಾಡಬೇಕು ಅಂತ ಬಾನ್ಸುರಿ, ಅಂದರೆ ಕೊಳಲು, ಹಿಡಿಯುವ ಕೈಯನ್ನೇ ಬದಲಾಯಿಸಿಕೊಂಡರು. ಬಲಗೈ ರೂಢಿ ಬಿಟ್ಟು ಎಡಗೈ! ಸಿತಾರ್‌ನ ನಿಖಿಲ್ ಬ್ಯಾನರ್ಜಿ ಕಲಿತಿದ್ದು ಇವರ ಹತ್ತಿರ. ಬಾನ್ಸುರಿಯ ನಿತ್ಯಾನಂದ ಹಳದೀಪುರ ಕಲಿತಿದ್ದು ಇವರ ಹತ್ತಿರ (ಹೆಸರಲ್ಲೇ ನಮ್ಮ ಹೊನ್ನಾವರ ತಾಲ್ಲೂಕಿನ ಊರಿದೆ, ಸುಮ್ನೆ ಹೇಳಿದೆ). ಇವರು ಹಾಡಿ ತೋರಿಸುತ್ತಿದ್ದರು, ಶಿಷ್ಯರು ವಾದ್ಯದಲ್ಲಿ ತೆಗೆಯುತ್ತಿದ್ದರು. ಅಡುಗೆಮನೆಯಲ್ಲಿದ್ದರೂ ಕಿವಿ ಹೊರಗೇ, ಸ್ವರ ಸ್ವಲ್ಪ ಜಾರಿದರೆ ಅಲ್ಲಿಂದಲೇ ತಿದ್ದು. ಇದು ಮನೆಯೊಳಗೆ ಅವಿತು ಕೂತವರ ಲಕ್ಷಣವೇನ್ರೀ?

ಬಾಗಿಲಿಗೆ ಒಂದು ಬೋರ್ಡ್ ಇತ್ತು. ಬೆಲ್ ಮೂರೇ ಸಲ ಒತ್ತಿ, ತೆಗೆಯದಿದ್ದರೆ ಹೆಸರು, ವಿಳಾಸ ಬಿಟ್ಟು ಹೋಗಿ ಅಂತ. ನಮ್ಮ ಚಾನೆಲ್ ಬೆಲ್ ಒಂದು ಸಲ ಒತ್ತಿದರೆ ಸಾಕು, ಒತ್ತಿಬಿಡಿ. ಆ ಬೋರ್ಡನ್ನು ಎಲ್ಲರೂ ದುಃಖದ ಮ್ಯೂಸಿಕ್ ಹಾಕಿ ತೋರಿಸುತ್ತಾರೆ. ಒಳಗೆ ಪಾಠ ನಡೀತಾ ಇದೆ ಮಾರಾಯ್ರೇ! ಡಾಕ್ಟರ್ ಬಾಗಿಲಲ್ಲಿ ಬೋರ್ಡ್ ಇದ್ದರೆ ಅಳುತ್ತೀರಾ?

"ಅಪರೂಪಕ್ಕೆ ಮಾತಾಡಿದಾಗ ಮದುವೆಯ ವಿಷಯ ಅವರೇ ಹೇಳಿದ್ದಾರಲ್ಲ" ಅಂತೀರಿ. ಹೇಳಿದ್ದಾರೆ. ಆಮೇಲೆ? ದಶಕಗಟ್ಟಲೆ ಕಲಿಸಿದ್ದನ್ನು ಬಿಟ್ಟು ಆ ನಾಲ್ಕು ಮಾತನ್ನೇ ಹಿಡಿದು ಜಗ್ಗುವುದಾ? "ಜನಕ್ಕೆ ಕಥೆ ಬೇಕು ಸಾರ್." ಕಥೆ ಬೇಕಾದರೆ ಸೀರಿಯಲ್ ನೋಡಿ, ಏಳೂವರೆಗೆ ಬರುತ್ತದೆ.

ಇನ್ನೊಬ್ಬರು ಕೇಳಿದ್ದಾರೆ, ಅವರದೊಂದು ಆಲ್ಬಮ್ಮೂ ಇಲ್ಲ, ದೊಡ್ಡವರು ಅಂತ ಹೆಂಗೆ ನಂಬೋದು? ಶಿಷ್ಯರನ್ನು ಕೇಳಿ! ನಿಖಿಲ್ ಬ್ಯಾನರ್ಜಿ ಹಾಕಿಕೊಳ್ಳಿ, ಆಲಾಪ ಓಡಿಸಬೇಡಿ, ಪೂರ್ತಿ ಕೇಳಿ. 1977ರಲ್ಲಿ ಪದ್ಮಭೂಷಣ ಕೊಟ್ಟವರೇನು ಗಾಸಿಪ್ ನೋಡಿ ಕೊಟ್ಟರಾ? ಅವಿತುಕೊಂಡಿರಲಿಲ್ಲ ಅವರು, ಕಲಿಸುತ್ತಿದ್ದರು. ಕಲಿಸುತ್ತಿದ್ದರು, ಕಲಿಸುತ್ತಿದ್ದರು! ಇನ್ನೂ ಎಷ್ಟು ಸಲ ಹೇಳಲಿ, ಗಂಟಲು ಹೋಯಿತು. ಎಡಿಟರ್ ಬೇರೆ ಕೈ ತೋರಿಸ್ತಾ ಇದ್ದಾನೆ, ಟೈಮ್ ಆಯಿತಂತೆ. ಮೆಂಬರ್ಸ್‌ಗೆ ಅರ್ಧ ಗಂಟೆ ಜಾಸ್ತಿ ಇದೆ, ಲಿಂಕ್ ಕೆಳಗಿದೆ. ಅಲ್ಲೂ ಮದುವೆ ವಿಷಯ ಇಲ್ಲ.